ಧೂಳಿಗೆ ಮೂಗು ಮುಚ್ಚಿದೆವು, ಮೈಗೆ?

ಧೂಳು ಅಂದ ತಕ್ಷಣ ನಮಗೆಲ್ಲ ನೆನಪಾಗುವುದು ಮೂಗು. ಫೋನಿನಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಆ್ಯಪ್ ಇದೆ, ಬ್ಯಾಗಿನ ಮೂಲೆಯಲ್ಲಿ ಕೋವಿಡ್ ಕಾಲದ ಒಂದೆರಡು ಮಾಸ್ಕ್ ಇನ್ನೂ ಉಳಿದಿವೆ. ಆದರೆ ಅದೇ ಧೂಳು ಚರ್ಮದ ಮೇಲೆ ಕೂತು ಏನು ಮಾಡುತ್ತೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ‘ಸ್ನಾನ ಮಾಡಿದರೆ ಹೋಗುತ್ತೆ’ ಅನ್ನುವಲ್ಲಿಗೆ ನಿಲ್ಲುತ್ತೆ. ಹೈದರಾಬಾದಿನಲ್ಲಿ ಎಸಿ ಕೆಳಗೆ ಕೂತು ಕೋಡ್ ಬರೆಯುವ ನನಗೂ ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಕಾರಣ ಇರಲಿಲ್ಲ. ಕಾರಣ ಕೊಟ್ಟವರು ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಹಲಬರ್ಗಾದಲ್ಲಿ ಒಕ್ಕಲುತನ ಮಾಡುತ್ತಾರೆ.

ಊರು ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೀದರ್‌ನಿಂದ ಭಾಲ್ಕಿ ಕಡೆಗೆ ರೈಲಿನಲ್ಲಿ ಹೊರಟರೆ ಖಾನಾಪುರ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ ಹಲಬರ್ಗಾ. ಮಳೆಗಾಲಕ್ಕೆ ಸೋಯಾ, ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಜೋಳ, ಕಡಲೆ. ನೀರಿದ್ದವರಿಗೆ ಕಬ್ಬು. ಇಷ್ಟೂ ಬೆಳೆಗಳಲ್ಲಿ ಮೈಗೆ ತ್ರಾಸು ಕೊಡದೆ ಮನೆಗೆ ಬರುವುದು ಒಂದೂ ಇಲ್ಲ. ಸೋಯಾ ಕಾಯಿಯ ಮೇಲೆ ಗಡುಸು ರೋಮ ಇರುತ್ತೆ, ರಾಶಿ ಮಷಿನ್‌ಗೆ ಹಾಕಿದಾಗ ಅದು ಪುಡಿಯಾಗಿ ಹಾರಿ ಕುತ್ತಿಗೆಯೊಳಗೆ ಇಳಿಯುತ್ತೆ. ಕಡಲೆ ಗಿಡ ಎಲೆಯ ಮೇಲೆ ಹುಳಿ ಸುರಿಸುತ್ತೆ, ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಬೆಳಗಿನ ಇಬ್ಬನಿಯಲ್ಲಿ ಬರಿಗೈಯಲ್ಲಿ ಗಿಡ ಕಿತ್ತವರ ಬೆರಳುಗಳನ್ನು ಕೇಳಿ ನೋಡಿ. ಕಬ್ಬಿನ ಎಲೆಯ ಅಂಚಂತೂ ಗರಗಸ.

ಇದೆಲ್ಲ ಎರಡು ದಿನದ ಕಡಿತ, ಸಹಿಸಿಕೊಳ್ಳುವಂಥದ್ದು. ಕಾಕಾಗೆ ಬಂದದ್ದು ಬೇರೆ.

ಮೊದಲು ಕಣ್ಣಿನ ರೆಪ್ಪೆ ಊದಿಕೊಂಡವು. ಆಮೇಲೆ ಕುತ್ತಿಗೆ, ಮೊಣಕೈ ಮಡಿಕೆ. ಮಳೆಗಾಲಕ್ಕೆ ಜೋರು, ಚಳಿಗಾಲಕ್ಕೆ ಸ್ವಲ್ಪ ತಣ್ಣಗೆ. ಎರಡನೇ ವರ್ಷಕ್ಕೆ ಮುಖದ ಚರ್ಮ ದಪ್ಪಗಾಗಿ ಕಪ್ಪಿಟ್ಟಿತು, ಹಣೆಯಲ್ಲಿ ಗೆರೆಗಳು ಕೊರೆದಂತೆ ಕಾಣತೊಡಗಿದವು. ಬಿಸಿಲಿಗೆ ಆಗಿದೆ ಅಂದರು ಕೆಲವರು. ಮನೆ ದೇವರಿಗೆ ನಡೆದುಕೊಳ್ಳುವುದು ಬಾಕಿ ಇದೆ ಅಂದರು ಇನ್ನು ಕೆಲವರು. ಕಾಕಾ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟರು. ‘ಮಾರಿ ತೋರ್ಸಲಾಕ ನಾಚಿಕಿ ಬರ್ಲತ್ತದ ತಮ್ಮಾ’ ಅಂತ ಫೋನಿನಲ್ಲಿ ಹೇಳಿದ್ದು ನೆನಪಿದೆ. ಐವತ್ತು ದಾಟಿದ ಗಂಡಸು, ಊರಿನ ಪಂಚಾಯ್ತಿಯಲ್ಲಿ ಗಟ್ಟಿ ದನಿಯಲ್ಲಿ ಮಾತಾಡುವವರು, ಹಾಗೆ ಹೇಳಿದ್ದು.

ಕೊನೆಗೆ ಹೈದರಾಬಾದಿಗೆ ಕರೆಸಿಕೊಂಡು ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಮಾಡಿದ ಮೊದಲ ಕೆಲಸ ಕಾಕಾನ ಗದ್ದ ಎತ್ತಿ ಅದರ ಕೆಳಗೆ ನೋಡಿದ್ದು, ಆಮೇಲೆ ಕಿವಿ ಮಡಚಿ ಹಿಂದೆ ನೋಡಿದ್ದು. ಬಿಸಿಲಿನಿಂದ ಬರುವ ಚರ್ಮದ ತೊಂದರೆ ನೆರಳಿನ ಜಾಗಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೆ. ಗದ್ದದ ಕೆಳಗೆ, ಕಿವಿಯ ಹಿಂದೆ, ಮೇಲಿನ ರೆಪ್ಪೆಯ ಮಡಿಕೆಯಲ್ಲಿ ಬಿಸಿಲು ಬೀಳುವುದಿಲ್ಲವಲ್ಲ. ಆದರೆ ಗಾಳಿಗೆ ನೆರಳು ಅಂತೇನಿಲ್ಲ, ಅದರಲ್ಲಿರುವ ಪುಡಿ ಎಲ್ಲ ಕಡೆ ಹೋಗಿ ಕೂರುತ್ತೆ. ಕಾಕಾಗೆ ಆ ಜಾಗಗಳಲ್ಲೂ ಆಗಿತ್ತು. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. ಎರಡು ದಿನ ಬಿಟ್ಟು ಒಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಒಂದು ಪಟ್ಟಿಯ ಕೆಳಗೆ ಕೆಂಪಗೆ ಗುಳ್ಳೆ ಎದ್ದಿತ್ತು. ಪಾರ್ಥೇನಿಯಂ.

ನಮ್ಮ ಕಡೆ ಕಾಂಗ್ರೆಸ್ ಕಸ ಅಂತಾರೆ. ಮರಾಠಿ ಮಾತಾಡುವ ಬೀಗರು ಗಾಜರ್ ಗವತ್ ಅಂತಾರೆ, ಎಲೆ ಗಜ್ಜರಿ ಸೊಪ್ಪಿನ ಥರ ಕಾಣುವುದಕ್ಕೆ. ಬದುವಿನ ಮೇಲೆ, ರೈಲು ಹಳಿಯ ಎರಡೂ ಬದಿಗೆ, ಶಾಲೆಯ ಕಾಂಪೌಂಡಿಗೆ ಒತ್ತಿಕೊಂಡು, ಎಲ್ಲಿ ಒಂದು ಮಳೆ ಬಿದ್ದು ಜಾಗ ಖಾಲಿ ಇದೆಯೋ ಅಲ್ಲೆಲ್ಲ ಅದೇ. ನೀವು ಇರುವ ಬಡಾವಣೆಯ ಖಾಲಿ ಸೈಟಿನಲ್ಲೂ ಇದ್ದೇ ಇರುತ್ತೆ, ಸಣ್ಣ ಬಿಳಿ ಹೂವಿನದು. ಇದರ ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ನಮ್ಮ ದೇಶದಲ್ಲಿ ಇದು ಗಮನಕ್ಕೆ ಬಂದದ್ದು 1955–56ರ ಸುಮಾರಿಗೆ, ಪುಣೆಯಲ್ಲಿ. ಪಿಎಲ್-480 ಯೋಜನೆಯಲ್ಲಿ ಬಂದ ಗೋಧಿಯ ಜೊತೆ ಬೀಜ ಬಂತು ಅನ್ನುವುದು ಎಲ್ಲರೂ ಹೇಳುವ ಕತೆ. ಅದಕ್ಕೂ ಎಷ್ಟೋ ಮುಂಚೆ ಇದು ಇಲ್ಲಿತ್ತು ಅನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಹೇಗೇ ಬಂದಿರಲಿ, ಒಂದೊಂದು ಗಿಡ ಹತ್ತು ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತೆ, ಈಗ ಅದನ್ನು ಹೊರಗಿನದು ಅನ್ನುವುದರಲ್ಲಿ ಅರ್ಥವಿಲ್ಲ.

ಗಿಡದ ಮೈಮೇಲಿನ ನವಿರು ರೋಮಗಳಲ್ಲಿ ಪಾರ್ಥೆನಿನ್ ಅನ್ನುವ ರಾಸಾಯನಿಕ ಇರುತ್ತೆ. ಗಿಡ ಒಣಗಿದ ಮೇಲೆ ರೋಮ, ಪರಾಗ, ಎಲೆಯ ಪುಡಿ ಎಲ್ಲವೂ ಗಾಳಿಗೆ ಸೇರುತ್ತೆ. ಗಿಡ ಸತ್ತರೂ ಪಾರ್ಥೆನಿನ್ ಸಾಯುವುದಿಲ್ಲ ಅನ್ನುವುದನ್ನು ಇಲ್ಲಿ ನೆನಪಿಡಬೇಕು. ಅದು ಮೈಗೆ ತಾಗಿದ ದಿನವೇ ತುರಿಸುವುದೂ ಇಲ್ಲ. ಇದು ತಡವಾಗಿ ಬರುವ ಅಲರ್ಜಿ. ದೇಹದ ರಕ್ಷಣಾ ವ್ಯವಸ್ಥೆ ಒಮ್ಮೆ ಆ ರಾಸಾಯನಿಕದ ಗುರುತು ಹಿಡಿದಿಟ್ಟುಕೊಂಡರೆ, ಮುಂದಿನ ಸಲ ತಾಗಿದ ಒಂದೆರಡು ದಿನಕ್ಕೆ ಚರ್ಮ ಉರಿಯುತ್ತೆ. ಸೋಮವಾರ ಬದು ಹಸನು ಮಾಡಿದ್ದಕ್ಕೆ ಬುಧವಾರ ರೆಪ್ಪೆ ಊದಿದರೆ ಯಾರು ತಾನೇ ಎರಡನ್ನೂ ಜೋಡಿಸಿ ನೋಡುತ್ತಾರೆ? ನಮ್ಮ ಆಫೀಸಿನಲ್ಲಿ ಒಂದು ಬಗ್ ಎರಡು ದಿನ ತಡವಾಗಿ ಕಾಣಿಸಿಕೊಂಡರೆ ಲಾಗ್ ತೆಗೆದು ಹುಡುಕುತ್ತೇವೆ. ಹೊಲದಲ್ಲಿ ಲಾಗ್ ಇಡುವವರಿಲ್ಲ.

ಡಾಕ್ಟರ್ ಇನ್ನೂ ಒಂದು ಮಾತು ಹೇಳಿದರು. ಸೇವಂತಿ, ಸೂರ್ಯಕಾಂತಿ ಕೂಡ ಇದೇ ಕುಟುಂಬದ ಗಿಡಗಳು, ಪಾರ್ಥೇನಿಯಂ ಆಗದವರಲ್ಲಿ ಕೆಲವರಿಗೆ ಅವೂ ಆಗುವುದಿಲ್ಲ. ನಮ್ಮ ಮನೆಯ ಪೂಜೆಯಿಂದ ಸೇವಂತಿ ಆವತ್ತೇ ಹೊರಗೆ ಹೋಯಿತು. ಮಲ್ಲಿಗೆ, ದಾಸವಾಳ ಸಾಕು ಅಂತ ಅವ್ವ ತೀರ್ಮಾನ ಮಾಡಿದಳು.

ಆ ಹೊತ್ತಿಗೆ ಮೂರು ವರ್ಷ ಕಾಕಾ ಹಚ್ಚಿಕೊಳ್ಳುತ್ತಿದ್ದುದು ಒಂದು ಔಷಧ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಟ್ಟ ಟ್ಯೂಬ್. ಹಚ್ಚಿದ ಎರಡು ದಿನಕ್ಕೆ ತಣ್ಣಗಾಗುತ್ತಿತ್ತು, ಬಿಟ್ಟರೆ ಎರಡರಷ್ಟು ಏಳುತ್ತಿತ್ತು. ಅದು ಜೋರು ಸ್ಟೀರಾಯ್ಡ್, ಜೊತೆಗೆ ಫಂಗಸ್‌ಗೆ, ಬ್ಯಾಕ್ಟೀರಿಯಾಗೆ ಅಂತ ಇನ್ನೂ ಎರಡು ಔಷಧ ಬೆರೆಸಿದ್ದು. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಸ್ಟೀರಾಯ್ಡ್ ಕೆಟ್ಟದ್ದು ಅಂತಲ್ಲ, ಈ ಕಾಯಿಲೆಗೆ ಡಾಕ್ಟರೂ ಅದನ್ನೇ ಬರೆಯುತ್ತಾರೆ. ಎಷ್ಟು ದಿನ, ಎಲ್ಲಿ, ಎಷ್ಟು ಜೋರಿನದು ಅನ್ನುವ ಲೆಕ್ಕ ಇರುತ್ತೆ ಅಷ್ಟೆ. ಮುಖದ ತೆಳು ಚರ್ಮಕ್ಕೆ ವರ್ಷಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ, ರಕ್ತನಾಳ ಕಾಣಿಸಿಕೊಂಡು, ಮುಟ್ಟಿದರೆ ಉರಿಯುವ ಹಾಗಾಗುತ್ತೆ. ನಿಮ್ಮ ಊರಿನ ಮನೆಯ ಕಪಾಟಿನಲ್ಲಿ ಇಂಥದ್ದೊಂದು ಟ್ಯೂಬ್ ಇದೆಯಾ ಅಂತ ಈ ಸಲ ಹಬ್ಬಕ್ಕೆ ಹೋದಾಗ ನೋಡಿ. ಚರ್ಮದ ತಜ್ಞರಿಗೆ ತೋರಿಸಲು ಎಲ್ಲರೂ ಹೈದರಾಬಾದಿಗೇ ಹೋಗಬೇಕಿಲ್ಲ, ಬೀದರ್‌ನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ.

ಔಷಧದ ಜೊತೆ ಡಾಕ್ಟರ್ ಬರೆದ ಇನ್ನೊಂದು ಸಾಲೇ ನಮಗೆ ದೊಡ್ಡ ತಲೆನೋವಾದದ್ದು: ‘ಧೂಳು ತಾಗದಂತೆ ನೋಡಿಕೊಳ್ಳಿ.’ ಒಕ್ಕಲಿಗನಿಗೆ! ಹೊಲ ಬಿಟ್ಟು ಬೇರೆ ಊರಿಗೆ ಹೋಗಿ ಅಂದಂತೆ. ಎರಡು ಮಕ್ಕಳ ಓದು ಇನ್ನೂ ಮುಗಿದಿಲ್ಲ, ಒಕ್ಕಲುತನ ಬಿಡುವ ಮಾತೇ ಇಲ್ಲ. ಹಾಗಾದರೆ ಮೈ ಮುಚ್ಚಿಕೊಳ್ಳುವುದು ಹೇಗೆ? ಇದು ನನ್ನ ಭಾಗಕ್ಕೆ ಬಂದ ಕೆಲಸ, ಯಾಕಂದರೆ ಮನೆಯಲ್ಲಿ ಗೂಗಲ್ ಮಾಡುವವನು ನಾನೇ.

ಹುಡುಕಿದಾಗ ಸಿಕ್ಕಿದ್ದು ಐಎಸ್‌ಒ 13982 ಅನ್ನುವ ಮಾನದಂಡ. ಗಾಳಿಯಲ್ಲಿ ತೇಲುವ ಅಪಾಯಕಾರಿ ಕಣಗಳಿಂದ ಮೈ ಕಾಯುವ ಉಡುಪು ಹೇಗಿರಬೇಕು ಅಂತ ಹೇಳುವುದಕ್ಕೇ ಇರುವಂಥದ್ದು. ಆ ಉಡುಪಿಗೆ ‘ಟೈಪ್ 5’ ಅಂತ ಹೆಸರು. ಟೆಸ್ಟಿಂಗ್ ಮಾಡುವವರು ಇದನ್ನು ಓದಲೇಬೇಕು, ಅಷ್ಟು ಚೆನ್ನಾಗಿದೆ. ಒಬ್ಬ ಮನುಷ್ಯನಿಗೆ ತಲೆಯಿಂದ ಕಾಲವರೆಗೆ ಕವರಾಲ್ ತೊಡಿಸಿ, ಉಪ್ಪಿನ ಸೂಕ್ಷ್ಮ ಪುಡಿ ತುಂಬಿದ ಕೋಣೆಯೊಳಗೆ ಕಳಿಸುತ್ತಾರೆ. ಅವನು ಮೊದಲು ಸುಮ್ಮನೆ ನಿಲ್ಲುತ್ತಾನೆ, ಆಮೇಲೆ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾನೆ, ಆಮೇಲೆ ಬಸ್ಕಿ ಹೊಡೆಯುತ್ತಾನೆ. ಬಟ್ಟೆಯ ಒಳಗೆ ಎದೆ, ಸೊಂಟ, ಮೊಣಕಾಲು ಈ ಮೂರು ಕಡೆ ಎಷ್ಟು ಉಪ್ಪು ಸೇರಿತು ಅಂತ ಅಳೆಯುತ್ತಾರೆ. ಹತ್ತು ಉಡುಪು, ಮೂರು ಜಾಗ, ಮೂರು ಕೆಲಸ, ಒಟ್ಟು 90 ಅಳತೆ. ಅದರಲ್ಲಿ 82 ಅಳತೆಗಳಲ್ಲಿ ಸೋರಿಕೆ ಶೇ 30 ದಾಟಬಾರದು. ಹತ್ತರಲ್ಲಿ ಎಂಟು ಉಡುಪಿನ ಸರಾಸರಿ ಶೇ 15 ದಾಟಬಾರದು. ಇಷ್ಟಾದರೆ ಪಾಸ್.

ಆ ಅಂಕಿ ನೋಡಿ ನನಗೆ ಗಾಬರಿಯಾಯಿತು. ಶೇ 15 ಒಳಗೆ ಬಂದರೂ ಪಾಸಾ? ಕೂತು ಯೋಚಿಸಿದರೆ ಅರ್ಥವಾಗುತ್ತೆ. ಬಟ್ಟೆಯ ನೇಯ್ಗೆಯಿಂದ ಬರುವ ಧೂಳು ಕಡಿಮೆ, ಹೆಚ್ಚಿನದು ಬರುವುದು ಸಂದುಗಳಿಂದ, ಅಂದರೆ ಕುತ್ತಿಗೆ, ಮಣಿಕಟ್ಟು, ಪಾದದ ಗಂಟು, ಮುಂದಿನ ಜಿಪ್‌ನಿಂದ. ಮನುಷ್ಯ ಬಗ್ಗಿ ಎದ್ದಾಗ ಉಡುಪು ಕಮ್ಮಾರನ ತಿದಿಯಂತೆ ಕೆಲಸ ಮಾಡುತ್ತೆ. ಬಗ್ಗಿದಾಗ ಒಳಗಿನ ಗಾಳಿ ಹೊರಗೆ, ಎದ್ದಾಗ ಹೊರಗಿನ ಗಾಳಿ ಧೂಳಿನ ಸಮೇತ ಒಳಗೆ. ಹೊಲದ ಕೆಲಸ ಅಂದರೆ ದಿನಕ್ಕೆ ಸಾವಿರ ಸಲ ಬಗ್ಗಿ ಏಳುವುದೇ ಅಲ್ವಾ? ಹಾಗಾಗಿ ಬಟ್ಟೆ ಎಷ್ಟು ದುಬಾರಿಯದು ಅನ್ನುವುದಕ್ಕಿಂತ ಅದರ ಬಾಯಿಗಳು ಎಷ್ಟು ಬಿಗಿ ಅನ್ನುವುದು ಮುಖ್ಯ. ಇಷ್ಟು ತಿಳಿದ ಮೇಲೆ ನನ್ನ ಅರ್ಧ ಕೆಲಸ ಮುಗಿಯಿತು.

ಆದರೂ ಒಂದು ಸಲ ನಿಜವಾದ ಕವರಾಲ್ ತೊಡಿಸಿ ನೋಡೋಣ ಅಂತ ನಾಲ್ಕು ತರಿಸಿದೆ. ಕೋವಿಡ್ ಕಾಲದ ಪಿಪಿಇ ಕಿಟ್ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. 2020ರ ಆರಂಭದಲ್ಲಿ ಹೆಚ್ಚುಕಡಿಮೆ ಸೊನ್ನೆಯಲ್ಲಿದ್ದ ದೇಶ ಅದೇ ಮೇ ಹೊತ್ತಿಗೆ ದಿನಕ್ಕೆ ನಾಲ್ಕೂವರೆ ಲಕ್ಷ ಕಿಟ್ ಹೊಲಿಯತೊಡಗಿತು, ಅದರಲ್ಲಿ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳದ್ದು ದೊಡ್ಡ ಪಾಲು. ಹೆಮ್ಮೆಯ ವಿಷಯವೇ. ಆದರೆ ಅವನ್ನು ಪರೀಕ್ಷಿಸಿದ್ದು ಕೃತಕ ರಕ್ತ ಸುರಿದು, ದ್ರವ ಒಳಗೆ ಹೋಗದಿರಲಿ ಅಂತ. ಅದಕ್ಕಾಗಿ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ, ಬೆವರೂ ಹೊರಗೆ ಹೋಗುವುದಿಲ್ಲ. ಧೂಳಿಗೆ ಬೇಕಾದದ್ದು ಸ್ವಲ್ಪವಾದರೂ ಉಸಿರಾಡುವ ಬಟ್ಟೆ.

ಸೋಯಾ ರಾಶಿಯ ದಿನ ಕಾಕಾ, ಮಷಿನ್‌ಗೆ ಗಿಡ ಹಾಕುವ ಇಬ್ಬರು, ಜೊತೆಗೆ ನಾನು, ನಾಲ್ಕೂ ಜನ ಬಿಳಿ ಕವರಾಲ್ ಹಾಕಿಕೊಂಡು ಕಣಕ್ಕೆ ಇಳಿದೆವು. ಊರ ಹುಡುಗರು ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದರು, ಚಂದ್ರಯಾನ ಅಂತ ಹೆಸರಿಟ್ಟು. ಅಕ್ಟೋಬರಿನ ಬಿಸಿಲು, ನಲವತ್ತು ನಿಮಿಷ. ಕಾಕಾ ಮೊದಲು ಬಿಚ್ಚಿ ಎಸೆದರು. ‘ತಮ್ಮಾ, ಒಳಗ ಕುದ್ದು ಇಡ್ಲಿ ಆಗ್ಲತ್ತೀನಿ ನಾ!’ ಬನಿಯನ್ ಹಿಂಡಿದರೆ ನೀರು. ಬೆವರಿನಲ್ಲಿ ನೆಂದ ಚರ್ಮ ಮೆತ್ತಗಾಗಿ, ಒಳಗೆ ಸೇರಿದ ಚೂರುಪಾರು ಧೂಳು ಕಾಲರ್ ಹತ್ತಿರ ಉಜ್ಜಿ ಇನ್ನೂ ಹೆಚ್ಚು ಉರಿ. ಕೈ ಮತ್ತು ಹೊಟ್ಟೆಯ ಮೇಲೆ ಮಾತ್ರ ಒಂದು ಕಣ ಇರಲಿಲ್ಲ, ಅದನ್ನು ಒಪ್ಪಬೇಕು. ಏರ್ ಕಂಡೀಷನ್ ಇರುವ ಫಾರ್ಮಾ ಕಾರ್ಖಾನೆಗೆ, ಅರ್ಧ ಗಂಟೆಯ ಕಲ್ನಾರು ತೆಗೆಯುವ ಕೆಲಸಕ್ಕೆ ಇದು ಸರಿ. ಬೀದರ್ ಜಿಲ್ಲೆಯ ಬಯಲಿನಲ್ಲಿ ದಿನಪೂರ್ತಿ ಆಗದು. ಬಿಸಿಲು ಬಡಿದು ಬಿದ್ದರೆ ತುರಿಕೆಗಿಂತ ದೊಡ್ಡ ಅನಾಹುತ.

ಆಗ ನಾನು ನಿಜವಾಗಿ ನೋಡತೊಡಗಿದ್ದು ಕಣದ ಆಚೆ ಬದಿಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಗುಂಡಿ ಎಲ್ಲ ಹಾಕಿದ್ದು. ತಲೆಗೆ, ಬಾಯಿಗೆ ದಸ್ತಿ ಸುತ್ತಿದ್ದು, ಕಣ್ಣಷ್ಟೇ ಕಾಣುವ ಹಾಗೆ. ಕರ್ನಾಟಕದ ಯಾವ ಹೊಲಕ್ಕೆ ಹೋದರೂ ಕಾಣುವ ಈ ವೇಷವನ್ನು ನಾವು ಬಡತನ ಅಂದುಕೊಂಡು ಮುಂದೆ ಹೋಗುತ್ತೇವೆ. ಅದು ಬಡತನವೂ ಹೌದು, ಆದರೆ ಅದರೊಳಗೆ ಲೆಕ್ಕಾಚಾರವಿದೆ. ಹಿಂದೆ ಕುಸುಬೆ ಕೀಳುವಾಗ ಮುಳ್ಳಿಗೆ ಅಂತ ಕೈಕಾಲಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ, ಅದೇ ಬುದ್ಧಿ. ಪಾರ್ಥೇನಿಯಂ ಚರ್ಮರೋಗ ನಮ್ಮ ದೇಶದಲ್ಲಿ ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು ಕಂಡುಬಂದಿದೆ ಅಂತ ಚರ್ಮತಜ್ಞರ ಅಧ್ಯಯನಗಳು ಹೇಳುತ್ತವೆ. ಗಂಡಸರು ಹೊರಗೆ ಹೆಚ್ಚು ತಿರುಗುವುದು, ಮೈ ತೆರೆದು ಕೆಲಸ ಮಾಡುವುದು ಕಾರಣ ಇರಬಹುದು. ತಲೆ ತುಂಬ ಸೆರಗು ಹೊದ್ದವರಿಗೆ ಅಷ್ಟಾದರೂ ಲಾಭ ಆಯಿತು ಅನ್ನಬೇಕೇನೋ.

ಒಬ್ಬ ಆಯಿಯನ್ನು ಕೇಳಿದೆ, ಯಾವ ಅಂಗಿ ಚಲೋ ಅಂತ. ‘ಟೆರಿಕಾಟ್ ಇರಬೇಕು ತಮ್ಮಾ. ಅರಿವಿ ನುಣ್ಣಗ ಇದ್ರ ಝಾಡಿಸಿದ್ರ ಹೊಟ್ಟು ಬೀಳ್ತದ. ಉಣ್ಣಿದಂಗಿದ್ದಿದ್ದು ಹಾಕೊಂಡ್ರ ಕಚ್ಚಿ ಹಿಡೀತದ’ ಅಂದರು. ಧೂಳು ಹಿಡಿದುಕೊಳ್ಳದ ನಯವಾದ ಹೊರಮೈ ಇರಬೇಕು ಅಂತ ರಕ್ಷಣಾ ಉಡುಪು ಮಾಡುವವರೂ ಹೇಳುವುದು ಇದನ್ನೇ. ಝಾಡಿಸುವುದೊಂದನ್ನು ಮಾತ್ರ ನಾನು ಒಪ್ಪಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಕಾಕಾಗೆ ನಾವು ಕೊನೆಗೆ ಒಪ್ಪಿಸಿದ ಉಡುಪು ಇದು: ಒತ್ತು ನೇಯ್ಗೆಯ ಟೆರಿಕಾಟ್ ತುಂಬುತೋಳಿನ ಅಂಗಿ, ಭಾಲ್ಕಿಯ ಟೇಲರ್ ಹತ್ತಿರ ಹೊಲಿಸಿದ್ದು. ಎದೆಯ ಮೇಲೆ ಜೇಬು ಬೇಡ ಅಂದೆ, ಜೇಬು ಅಂದರೆ ಧೂಳಿನ ಚೀಲ. ಬೀಡಿ ಎಲ್ಲಿಡಲಿ ಅಂತ ಕಾಕಾ ಜಗಳ ತೆಗೆದರು. ಬಿಟ್ಟರೆ ಚರ್ಮಕ್ಕಲ್ಲದಿದ್ದರೂ ಎದೆಗೆ ಒಳ್ಳೆಯದು ಅಂತ ಅಲ್ಲಿಗೆ ಕೈಬಿಟ್ಟೆ, ಒಳಗಡೆ ಒಂದು ಜೇಬು ಬಂತು. ಮಣಿಕಟ್ಟಿಗೆ ಎಲಾಸ್ಟಿಕ್. ಪ್ಯಾಂಟಿನ ಕೆಳಗೆ ಮಡಿಕೆ ಇಲ್ಲ, ಅದನ್ನು ಸಾಕ್ಸ್ ಒಳಗೆ ಸೇರಿಸುವುದು. ಕೈಗವಸಿನ ಮೇಲೆ ಅಂಗಿಯ ತೋಳು ಬರಬೇಕು, ಒಳಗಲ್ಲ, ಇಲ್ಲದಿದ್ದರೆ ತೋಳಿನಿಂದ ಜಾರಿದ ಪುಡಿ ನೇರ ಕೈಗವಸಿನೊಳಗೆ ಬೀಳುತ್ತೆ. ಕುತ್ತಿಗೆಗೆ ಹತ್ತಿಯ ದಸ್ತಿ ಎರಡು ಸುತ್ತು, ಬೆವರು ಹೀರಲಿ ಅಂತ, ಮಧ್ಯಾಹ್ನ ಊಟಕ್ಕೆ ಬಂದಾಗ ಅದನ್ನು ಬದಲಿಸುವುದು. ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಮೂಗಿಗೆ ಮಾಸ್ಕ್. ಮುಖದ ಚರ್ಮಕ್ಕೆ ಯಾವ ಕವರಾಲೂ ಇಲ್ಲ, ಈ ಕಾಯಿಲೆ ಮೊದಲು ಹಿಡಿಯುವುದೇ ಮುಖವನ್ನು, ಅದರಲ್ಲೂ ರೆಪ್ಪೆಯನ್ನು. ನಮ್ಮ ಮೈಯಲ್ಲಿ ಅತ್ಯಂತ ತೆಳು ಚರ್ಮ ಅದು. ಬೈಕ್ ಮೇಲೆ ರೈಲು ಹಳಿಯ ಪಕ್ಕದ ದಾರಿಯಲ್ಲಿ ಹೋಗುವಾಗ ಹೆಲ್ಮೆಟ್, ಗಾಜು ಇಳಿಸಿ. ಪೊಲೀಸರಿಗೆ ಹೆದರಿ ಹಾಕದ ಹೆಲ್ಮೆಟ್ಟನ್ನು ಕಾಕಾ ಕಾಂಗ್ರೆಸ್ ಕಸಕ್ಕೆ ಹೆದರಿ ಹಾಕತೊಡಗಿದರು.

ಇದಕ್ಕೆ ಟೈಪ್ 5 ಮುದ್ರೆ ಸಿಗುವುದಿಲ್ಲ. ಆದರೆ ಇದನ್ನು ದಿನಪೂರ್ತಿ ಹಾಕಿಕೊಂಡಿರಲು ಆಗುತ್ತೆ. ನಲವತ್ತು ನಿಮಿಷಕ್ಕೆ ಬಿಚ್ಚಿ ಎಸೆಯುವ ಉತ್ತಮ ಉಡುಪಿಗಿಂತ ಸಂಜೆವರೆಗೆ ಮೈಮೇಲಿರುವ ಸಾಧಾರಣ ಉಡುಪೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕೀಟನಾಶಕ ಸಿಂಪಡಣೆಗೆ ಮಾತ್ರ ಈ ಅಂಗಿ ಸಾಲದು. 2017ರಲ್ಲಿ ಯವತ್ಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ರೈತರು, ಕೂಲಿಯವರು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತದ್ದು ನಮ್ಮ ಪಕ್ಕದ ರಾಜ್ಯದ ಕತೆಯೇ. ಬೆಂಗಳೂರಿನ ಬ್ರಿಕ್-ಇನ್‌ಸ್ಟೆಮ್ ಸಂಸ್ಥೆಯವರು ಅದಕ್ಕೆಂದೇ ‘ಕಿಸಾನ್ ಕವಚ’ ಅನ್ನುವ ಉಡುಪು ಮಾಡಿ 2024ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ್ದಾರೆ. ಬಟ್ಟೆಗೆ ತಾಗಿದ ಕೀಟನಾಶಕವನ್ನು ಬಟ್ಟೆಯೇ ಒಡೆದು ಹಾಕುತ್ತೆ, ಒಗೆದು ಮತ್ತೆ ಮತ್ತೆ ಬಳಸಬಹುದು, ಆಗ ಹೇಳಿದ ಬೆಲೆ 4,000 ರೂಪಾಯಿ. ಬೆಲೆ ಇಳಿದರೆ ನಮ್ಮೂರಿಗೆ ಬಂದೀತು.

ಝಾಡಿಸುವ ವಿಷಯಕ್ಕೆ ಬರುತ್ತೇನೆ. ಹೊಲದಿಂದ ಬಂದವರು ಕಟ್ಟೆಯ ಮೇಲೆ ನಿಂತು ಅಂಗಿ ಪಟಪಟ ಬಡಿಯುವುದು ನಮ್ಮಲ್ಲಿ ರೂಢಿ. ದಿನವಿಡೀ ಬಟ್ಟೆ ತಡೆದ ಧೂಳನ್ನು ಒಂದೇ ನಿಮಿಷದಲ್ಲಿ ಮುಖಕ್ಕೆ ಬಡಿದುಕೊಂಡಂತೆ ಅದು, ಪಕ್ಕದಲ್ಲಿ ಮಗು ಆಡುತ್ತಿದ್ದರೆ ಅದಕ್ಕೂ ಪಾಲು. ಕಾರ್ಖಾನೆಗಳಲ್ಲಿ ಕಲ್ನಾರಿನ ಕೆಲಸ ಮಾಡಿದವರು ಬಟ್ಟೆ ಕೊಡವಬಾರದು, ಗಾಳಿ ಹೊಡೆದು ಸ್ವಚ್ಛ ಮಾಡಬಾರದು ಅನ್ನುವ ನಿಯಮ ಇರುವುದು ಇದಕ್ಕೇ. ನಾವು ಮಾಡಿಕೊಂಡದ್ದು ಇಷ್ಟು: ದನದ ಕೊಟ್ಟಿಗೆ ಹತ್ತಿರದ ನಲ್ಲಿಯ ಬಳಿ ಒಂದು ಬಕೆಟ್. ಕೈಗವಸು ಇರುವಾಗಲೇ ಅಂಗಿಯನ್ನು ಒಳಮೈ ಹೊರಗೆ ಬರುವಂತೆ ಸುತ್ತಿ ಬಿಚ್ಚಿ ನೇರ ನೀರಿಗೆ. ಆಮೇಲೆ ಕೈಗವಸು, ಮುಖದ ಮಾಸ್ಕ್ ಕೊನೆಗೆ. ಅಲ್ಲೇ ತಣ್ಣೀರು ಸುರಿದುಕೊಂಡು ಸಾಬೂನು, ಉಜ್ಜುವ ಕಲ್ಲು ಬೇಡ. ಆ ಬಟ್ಟೆ ಮನೆಯವರ ಬಟ್ಟೆಯ ಜೊತೆ ಮಷಿನ್‌ಗೆ ಹೋಗುವುದಿಲ್ಲ. ಒಣಹಾಕುವುದು ಮಾಳಿಗೆ ಮೇಲಲ್ಲ, ಒಳಗೆ, ಯಾಕಂದರೆ ಹಿತ್ತಲಿನಲ್ಲಿ ಹೂ ಬಿಟ್ಟ ಪಾರ್ಥೇನಿಯಂ ಇದ್ದರೆ ಒಗೆದ ಬಟ್ಟೆಯ ಮೇಲೆ ಮತ್ತೆ ಪರಾಗ ಬೀಳುತ್ತೆ. ಎಣ್ಣೆ ಹಚ್ಚುವುದಾದರೆ ಸ್ನಾನದ ನಂತರ. ಹೊಲಕ್ಕೆ ಹೋಗುವ ಮುಂಚೆ ಎಣ್ಣೆ ಹಚ್ಚಿದರೆ ಧೂಳು ಮೈಗೆ ಅಂಟಿಕೊಂಡೇ ಕೂರುತ್ತೆ.

ಇದೆಲ್ಲ ಮಾಡಿಯೂ ಬಟ್ಟೆ ಅನ್ನುವುದು ಕೊನೆಯ ಉಪಾಯ. ಮೊದಲನೆಯದು ಧೂಳೇ ಏಳದ ಹಾಗೆ ನೋಡಿಕೊಳ್ಳುವುದು. 2025ರವರೆಗೆ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆಯ 14ನೇ ಸೆಕ್ಷನ್ ಕಾರ್ಖಾನೆಗೆ ಹೇಳುತ್ತಿದ್ದುದೂ ಅದನ್ನೇ, ಧೂಳು ಹುಟ್ಟುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ವ್ಯವಸ್ಥೆ ಮಾಡು ಅಂತ. ಹೊಲದಲ್ಲಿ ಇದರ ಅರ್ಥ ರಾಶಿ ಮಷಿನ್‌ನ ಹೊಟ್ಟು ಹಾರುವ ಬಾಯಿ ಗಾಳಿ ಹೋಗುವ ದಿಕ್ಕಿಗಿರಲಿ, ಜನ ಗಾಳಿ ಬರುವ ಬದಿಗಿರಲಿ ಅನ್ನುವುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಧ್ಯಾಹ್ನ ಗಾಳಿ ತಿರುಗಿದಾಗ ಮಷಿನ್ ತಿರುಗಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಪಾರ್ಥೇನಿಯಂ ಅಂತೂ ಹೂ ಬಿಡುವ ಮುಂಚೆ, ನೆಲ ಹಸಿ ಇರುವಾಗ, ಕೈಗವಸು ಹಾಕಿ ಬೇರು ಸಮೇತ ಕೀಳಬೇಕು. ಒಣಗಿದ ಮೇಲೆ ಕುಡುಗೋಲು ಬೀಸಿ, ಬೆಂಕಿ ಹಚ್ಚಿ ಹಸನು ಮಾಡುವುದು ಅಂದರೆ ಊರಿಗೆಲ್ಲ ಪುಡಿ ಹಂಚಿದಂತೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುವುದು ಅದಕ್ಕೇ, ಆಗ ಗಿಡ ಎಳೆಯದಿರುತ್ತೆ. ಇದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಮೊದಲು ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಮಳೆಗಾಲದಲ್ಲಿ ಎಲೆ ಬೋಳಿಸಿಹಾಕುತ್ತೆ, ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿಬಿಡುತ್ತೆ. ಒಳ್ಳೆಯ ಕೆಲಸಗಾರ, ಆದರೆ ಆರು ತಿಂಗಳು ರಜೆ.

ಇನ್ನು ದುಡ್ಡಿನ ಪ್ರಶ್ನೆ. ಕಾಕಾಗೆ ಅಂಗಿ ಹೊಲಿಸಿದ್ದು ನಾನು. ಮಷಿನ್‌ಗೆ ಗಿಡ ಹಾಕುವವರಿಗೆ, ಹೊಟ್ಟು ಎಳೆಯುವ ಹೆಣ್ಣುಮಕ್ಕಳಿಗೆ ಯಾರು ಕೊಡಬೇಕು? ಕೀಟನಾಶಕ ನಿಯಮಗಳು ಔಷಧ ಹೊಡೆಯುವವರಿಗೆ ರಕ್ಷಣಾ ಉಡುಪು ಇರಬೇಕು ಅಂತ 1971ರಿಂದಲೇ ಹೇಳುತ್ತಿವೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಸಾಮಾನ್ಯವಾಗಿ ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಗಳಿಗೆ ಅನ್ವಯ. ಮೂರು ದಿನ ಒಬ್ಬರ ಹೊಲ, ಎರಡು ದಿನ ಇನ್ನೊಬ್ಬರ ಹೊಲ ಅಂತ ತಿರುಗುವ ಆರು ಜನರ ಗುಂಪಿಗೆ ಮಾಲೀಕ ಅಂತ ಯಾರನ್ನು ತೋರಿಸುವುದು? ಮಷಿನ್ ಮಾಲೀಕರು ಚೀಲಕ್ಕೆ ಇಷ್ಟು ಅಂತ ತೆಗೆದುಕೊಳ್ಳುತ್ತಾರೆ, ಹೊಲದವರು ದಿನಕ್ಕೆ ಇಷ್ಟು ಅಂತ ಕೂಲಿ ಕೊಡುತ್ತಾರೆ, ಎರಡೂ ಲೆಕ್ಕದಲ್ಲಿ ಅಂಗಿಗೆ ಒಂದು ಸಾಲು ಇಲ್ಲ. ಮೈ ಕಡಿದು ಎರಡು ದಿನ ಮನೆಯಲ್ಲಿ ಕೂತರೆ ಆ ಎರಡು ದಿನದ ಕೂಲಿ ಹೋಗುವುದು ಮಾತ್ರ ಖಾತ್ರಿ.

ಕಳೆದ ಸುಗ್ಗಿಯಲ್ಲಿ ಹೊಲ ಇರುವ ನಾವು ನಾಲ್ಕೈದು ಮನೆಯವರು ಸೇರಿ ಮಾತಾಡಿದೆವು. ಚೀಲಕ್ಕೆ ಎರಡು ರೂಪಾಯಿ ಎತ್ತಿಡೋಣ ಅಂದೆ. ‘ಎರಡ್ ರೂಪಾಯಿ ಯಾನ್ ದೊಡ್ಡದಲ್ಲ, ಆದ್ರ ಯಾರ ಹತ್ರ ಇಡಾದು?’ ಅಂತ ಅಲ್ಲೇ ಅರ್ಧ ಗಂಟೆ ಹೋಯಿತು. ಕೊನೆಗೆ ಆ ದುಡ್ಡಿನಲ್ಲಿ ಭಾಲ್ಕಿ ಪೇಟೆಯಿಂದ ಒಂದು ಡಜನ್ ಕೈಗವಸು, ಆರು ಕನ್ನಡಕ, ಆರು ತುಂಬುತೋಳಿನ ಅಂಗಿ ಬಂದವು, ಮಷಿನ್ ಜೊತೆಗೇ ಊರೂರು ತಿರುಗಲಿ ಅಂತ ಒಂದು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟೆವು. ಹದಿನೈದು ದಿನ ಬಿಟ್ಟು ಹೋಗಿ ನೋಡಿದರೆ ಆರೂ ಕನ್ನಡಕ ಊರ ಹುಡುಗರ ಬೈಕ್ ಮೇಲಿದ್ದವು. ಅಂಗಿಗಳು ಇದ್ದವು, ಆದರೆ ಇಬ್ಬರು ಹೆಣ್ಣುಮಕ್ಕಳು ‘ಮಂದಿ ಬೆವರಿನ ಅಂಗಿ ನಾವ್ಯಾಕ ಹಾಕೋಬೇಕು, ನಮ್ಮ ನಮ್ಮ ಹೆಸರಿಗಿ ಒಂದೊಂದು ಕೊಡ್ರಿ’ ಅಂತ ಪಟ್ಟು ಹಿಡಿದಿದ್ದರು. ಅವರ ಮಾತು ಸರಿ, ಬೇರೆಯವರ ಧೂಳು ಹಿಡಿದ ಅಂಗಿ ಹಾಕಿಕೊಳ್ಳುವುದರಲ್ಲಿ ಯಾವ ರಕ್ಷಣೆಯೂ ಇಲ್ಲ. ಈ ವರ್ಷ ಚೀಲಕ್ಕೆ ಮೂರು ರೂಪಾಯಿ ಆಗಬೇಕು, ಅದರ ಮಾತುಕತೆ ಇನ್ನೂ ನಡೆದಿದೆ.

ಕಾಕಾ ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸುವುದಿಲ್ಲ, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಮಾಡಿಸುತ್ತಾರೆ. ಮುಖದ ಕಪ್ಪು ಪೂರ್ತಿ ಹೋಗಿಲ್ಲ. ಆಗಸ್ಟ್ ಬಂತೆಂದರೆ ಕುತ್ತಿಗೆ ಇನ್ನೂ ಏಳುತ್ತೆ, ಆದರೆ ರೆಪ್ಪೆ ಎರಡು ಮಳೆಗಾಲ ಊದಿಲ್ಲ. ಸೋಯಾ ರಾಶಿಗೆ ಈಗ ಅವರು ಮಷಿನ್ ಹತ್ತಿರ ಹೋಗುವುದಿಲ್ಲ, ದೂರದಲ್ಲಿ ಚೀಲ ಹೊಲಿಯುತ್ತಾ ಗಾಳಿ ಯಾವ ಕಡೆಗಿದೆ ಅಂತ ನೋಡಿ ಕೂಗಿ ಹೇಳುವುದು ಅವರ ಕೆಲಸ. ಹೋದ ಮೇ ತಿಂಗಳಲ್ಲಿ ಔರಾದ್ ಕಡೆ ಒಂದು ಮದುವೆಗೆ ಹೊರಟು ನಿಂತಾಗ ಕಾಕು ಹೆಲ್ಮೆಟ್ ತಂದು ಕೈಗೆ ಕೊಟ್ಟಳು. ‘ರುಮಾಲ್ ಸುತ್ಕೊಂಡೀನಿ, ಅದರ ಮ್ಯಾಲ ಹ್ಯಾಂಗ ಹಾಕೋಬೇಕು ಇದು?’ ಅಂತ ಕಾಕಾ ಸಿಟ್ಟು ಮಾಡಿದರು. ರುಮಾಲು ಬಿಚ್ಚಿ ಚೀಲಕ್ಕೆ ಹಾಕಿ, ಹೆಲ್ಮೆಟ್ ಹಾಕಿಕೊಂಡು ಹೋದರು.